ಹಿತ್ತಲ ಬಾಗಿಲಿನ ಬಕೆಟ್ಟು

ನಮ್ಮ ಮನೆಯ ಮುಂದಿನ ಕೋಣೆಯ ಗೋಡೆಯ ಮೇಲೆ ಒಂದು ಮರವಿದೆ. ಭಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದಾಗ ಶಾಲೆಯ ವಸ್ತುಪ್ರದರ್ಶನಕ್ಕೆಂದು ರಟ್ಟಿನ ಮೇಲೆ ತಾವೇ ಬರೆದು ಬಣ್ಣ ಹಚ್ಚಿದ ಮರ. ಕಾಂಡದ ಮೇಲೆ ‘ವಿಜ್ಞಾನ ಓದಿದವರಿಗೆ ನೂರು ದಾರಿ’ ಎಂದು ದಪ್ಪಕ್ಷರದಲ್ಲಿದೆ. ಕೊಂಬೆಗಳ ತುಂಬ ಎಲೆ, ಎಲೆಗೊಂದು ಕೆಲಸ: ವೈದ್ಯರು, ಎಂಜಿನಿಯರು, ಔಷಧ ತಯಾರಕರು, ಹವಾಮಾನ ತಜ್ಞರು, ತುದಿಯಲ್ಲೊಬ್ಬ ಗಗನಯಾತ್ರಿ ಕೂಡ. ನೂರು ಎಂಬುದು ಭಾವನ ಬಾಯಿಲೆಕ್ಕ. ಧೂಳು ಒರೆಸುವವಳು ನಾನು; ಎಣಿಸಿ ನೋಡಿದ್ದೇನೆ, ಅರವತ್ತೊಂದೇ ಇವೆ.

ಆ ಅರವತ್ತೊಂದರಲ್ಲಿ ಅಡುಗೆಮನೆ ಇಲ್ಲ. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವಳು. ಅಕ್ಕನ ಮೂರನೆಯ ಹೆರಿಗೆಗೆ ನಾಲ್ಕು ದಿನ ಇದ್ದು ಹೋಗೋಣವೆಂದು ಬಂದೆ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ, ಹುಟ್ಟಿದ ಕೂಸಿಗೆ ಹದಿನೆಂಟಾಯಿತು. ಅವಳನ್ನು ನಾವೆಲ್ಲ ಗುಬ್ಬಿ ಎನ್ನುತ್ತೇವೆ. ಅವಳಿಗೊಬ್ಬ ಅಕ್ಕ, ಆ ಅಕ್ಕನಿಗೂ ದೊಡ್ಡವನೊಬ್ಬ ಅಣ್ಣ. ನನಗೆ ಅವರು ನಡುವಿನವಳು ಮತ್ತು ದೊಡ್ಡವನು. ಅವರಿಗೆ ನಾನು ಚಿಕ್ಕಮ್ಮ, ಅಂದರೆ ಕೂಗಿದ ಕೂಡಲೇ ಬರುವವಳು.

ಮೂವರಿಗೂ ಭಾವ ವಿಜ್ಞಾನವನ್ನೇ ಓದಿಸಿದರು. ದೊಡ್ಡವನು ರಸಾಯನಶಾಸ್ತ್ರ ಮುಗಿಸಿ ಹಣ್ಣಿನ ಪಾನೀಯದ ಕಾರ್ಖಾನೆಯಲ್ಲಿ ಪರಿಮಳ ತಜ್ಞನಾದ. ಮರದ ‘ಆಹಾರ ತಜ್ಞರು’ ಎಂಬ ಎಲೆಗೆ ಭಾವ ಕೆಂಪು ಬಣ್ಣ ತುಂಬಿ, ಕೆಳಗೆ ಅವನು ಕೆಲಸಕ್ಕೆ ಸೇರಿದ ತಾರೀಕು ಬರೆದರು. ನಡುವಿನವಳು ಸೂಕ್ಷ್ಮಜೀವಿಶಾಸ್ತ್ರದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲು ಬಂದಳು. ಅವಳು ಊರ ಹೊರಗಿನ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿನ ಪ್ರಯೋಗಾಲಯಕ್ಕೆ ಸೇರಿದ ದಿನ ಭಾವ ಬಣ್ಣದ ಡಬ್ಬಿಯನ್ನು ಹೊರಗೆ ತೆಗೆಯಲಿಲ್ಲ. ಅಂಥ ಎಲೆಯೇ ಮರದಲ್ಲಿರಲಿಲ್ಲ, ಒಪ್ಪಿದೆ. ಬರೆಯಲು ಜಾಗವಂತೂ ಇತ್ತು.

ಅವಳು ಮನೆಗೆ ಬರುವುದು ಹಿತ್ತಲ ಬಾಗಿಲಿನಿಂದ. ಬಾಗಿಲ ಬದಿಯಲ್ಲಿ ಅವಳದೇ ಒಂದು ನೀಲಿ ಬಕೆಟ್ಟು. ಬಟ್ಟೆ ಬದಲಿಸಿ ಅದರಲ್ಲಿ ನೆನೆಹಾಕಿ, ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿ ಒಳಗೆ ಬರಬೇಕು. ಇಷ್ಟಕ್ಕೆ ನನ್ನ ತಕರಾರಿಲ್ಲ, ಆಸ್ಪತ್ರೆಯಲ್ಲಿ ದುಡಿಯುವವರೂ ಹೀಗೇ ಮಾಡುತ್ತಾರೆ. ಆದರೆ ಮಿಂದು, ತಲೆ ಒರೆಸಿಕೊಂಡು, ಸೋಪಿನ ವಾಸನೆ ಬೀರುತ್ತ ಊಟಕ್ಕೆ ಬಂದವಳಿಗೆ ತಟ್ಟೆ ಬೇರೆ, ಲೋಟ ಬೇರೆ, ಮೂಲೆಯಲ್ಲಿ ಕುರ್ಚಿ ಬೇರೆ. ಲೋಟ ಅದಲುಬದಲಾಗದಿರಲೆಂದು ಅದರ ಬುಡಕ್ಕೆ ನನ್ನಕ್ಕ ಕೆಂಪು ಉಗುರುಬಣ್ಣ ಹಚ್ಚಿದ್ದಾಳೆ. ಹೆತ್ತ ತಾಯಿ! ಆ ಲೋಟ ತೊಳೆಯುವಾಗಲೆಲ್ಲ ನನಗೆ ವಾಕರಿಕೆ ಬರುತ್ತದೆ, ಲೋಟದಿಂದಲ್ಲ.

ದೊಡ್ಡವನು ಮುಂಬಾಗಿಲಿನಿಂದ ಬರುತ್ತಾನೆ. ಅವನ ಜೊತೆ ಅನಾನಸ್, ಕಿತ್ತಳೆ, ಸ್ಟ್ರಾಬೆರಿಯ ಘಮಲು ಒಳಗೆ ಬರುತ್ತದೆ. ಒಂದು ಹಣ್ಣೂ ಜೊತೆಗೆ ಬರುವುದಿಲ್ಲ. ತಿಂಗಳಿಗೆ ಎರಡು ಪೆಟ್ಟಿಗೆ ಪಾನೀಯ ಅವನಿಗೆ ಕಾರ್ಖಾನೆಯಿಂದ ಪುಕ್ಕಟೆ. ಒಂದು ಪೆಟ್ಟಿಗೆಯ ಬಾಟಲಿಗಳ ಮುಚ್ಚಳದ ಮೇಲೆ ಹಸಿರು ಪೆನ್ನಿನ ಸಣ್ಣ ಚುಕ್ಕೆ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

“ಅಮ್ಮಾ, ಚುಕ್ಕೆ ಇರೋದು ಮನೆಗೆ. ಇಲ್ಲದ್ದನ್ನ ಬಂದೋರಿಗೆ ಕೊಡು,” ಎಂದು ನಾಲ್ಕು ವರ್ಷದ ಹಿಂದೆ, ಮೊದಲ ತಿಂಗಳೇ ಹೇಳಿದ್ದ.

“ಯಾಕೋ?” ಎಂದು ನಾನು ಕೇಳಿದ್ದೆ.

“ಚುಕ್ಕೆ ಇರೋದು ಒಳ್ಳೇ ಕ್ವಾಲಿಟಿ ಚಿಕ್ಕಮ್ಮ. ಊರೋರಿಗೆಲ್ಲಾ ಅದನ್ನ ಯಾಕೆ ದಂಡ ಮಾಡ್ಬೇಕು?”

ನನಗೆ ಅಷ್ಟೇ ಸಾಕಾಯಿತು. ಅಂದಿನಿಂದ ಚುಕ್ಕೆಯದು ಮೇಲಿನ ಕಪಾಟಿಗೆ, ಇಲ್ಲದ್ದು ಕೆಳಗಿನದಕ್ಕೆ. ಅಂಚೆಯವನಿಗೆ, ನಲ್ಲಿ ರಿಪೇರಿಯವನಿಗೆ, ಪಕ್ಕದ ಮನೆಯ ಎರಡು ಮಕ್ಕಳಿಗೆ ಕೆಳಗಿನ ಕಪಾಟಿನಿಂದ ತೆಗೆದು ಕೊಟ್ಟ ಕೈ ಇದೇ. ಅದನ್ನು ನಾನು ಮುಚ್ಚಿಡುವುದಿಲ್ಲ.

ಒಂದು ಸಂಜೆ ನಡುವಿನವಳು ಬಿಸಿಲಲ್ಲಿ ಬೆಂದು ಬಂದು, ಸ್ನಾನ ಮುಗಿಸಿ ಮೇಲಿನ ಕಪಾಟಿಗೆ ಕೈ ಚಾಚಿದಳು.

“ಅದು ಬೇಡ. ಕೆಳಗಿಂದ ತಗೋ,” ಎಂದಳು ನನ್ನಕ್ಕ.

“ಯಾಕಮ್ಮಾ?”

“ಮೇಲಿಂದು ಮನೆಯವರಿಗೆ.”

“ನಾನ್ಯಾರು?”

ನನ್ನಕ್ಕ ಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. “ಹಂಗಲ್ಲ ಕಣೇ. ಆ ಕೈಯಲ್ಲಿ ಎಲ್ಲಾದನ್ನೂ ಮುಟ್ಟಬೇಡ ಅಂದೆ ಅಷ್ಟೇ.”

“ಈ ಕೈ ದಿನಕ್ಕೆ ಇಪ್ಪತ್ತು ಸಲ ತೊಳೀತೀನಿ. ನಿನ್ನ ಮಗ ಎಷ್ಟು ಸಲ ತೊಳೀತಾನೆ, ಕೇಳು.”

“ಅವನ್ಯಾಕೆ ತೊಳೀಬೇಕು? ಅವನು ಹಣ್ಣು ಮುಟ್ಟೋನು.”

ಅವಳು ಕಪಾಟು ಮುಚ್ಚಿ, ತನ್ನ ಕೆಂಪು ಬುಡದ ಲೋಟದಲ್ಲಿ ನೀರು ಕುಡಿದು ಹೋದಳು. ಪಾನೀಯದ ತಂಟೆಗೆ ಮತ್ತೆ ಬರಲಿಲ್ಲ. ಹಾಗೆ ಬಾರದೆ ಉಳಿದವಳು ಮನೆಯಲ್ಲಿ ಅವಳೊಬ್ಬಳೇ.

ಗುಬ್ಬಿಯ ಪರೀಕ್ಷೆಯ ಫಲಿತಾಂಶ ಬಂದ ವಾರ ಮನೆಯಲ್ಲಿ ಹೊಗೆಯಾಡತೊಡಗಿತು. ಅಂಕವೇನೋ ಚೆನ್ನಾಗಿಯೇ ಬಂದಿತ್ತು. ಕಾಲೇಜಿನ ಅರ್ಜಿಗೆ ಮೂರು ವಾರ ಗಡುವು. ದೊಡ್ಡವನ ಕಾರ್ಖಾನೆ ವರ್ಷಕ್ಕೊಮ್ಮೆ ನೌಕರರ ಮನೆಯ ಒಬ್ಬರಿಗೆ ಆಹಾರ ತಂತ್ರಜ್ಞಾನ ಓದಿಸುತ್ತದೆ. ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್ಲು, ಓದು ಮುಗಿದ ಮೇಲೆ ಅಲ್ಲೇ ಕೆಲಸ. ಬೇಕಾದದ್ದು ಮ್ಯಾನೇಜರರ ಒಂದು ಸಹಿ.

“ಅರ್ಜೀಲಿ ಆಹಾರ ತಂತ್ರಜ್ಞಾನ ಅಂತ ಬರಿ, ಮುಗೀತು,” ಎಂದ ದೊಡ್ಡವನು, ಊಟಕ್ಕೆ ಕೂತಾಗ.

“ನನಗೇನು ಇಷ್ಟ ಅಂತ ಇನ್ನೂ ಗೊತ್ತಿಲ್ಲಣ್ಣ,” ಎಂದಳು ಗುಬ್ಬಿ.

“ಗೊತ್ತಾಗೋಕೇನಿದೆ ಅದರಲ್ಲಿ?”

“ಅಪ್ಪ ನೂರು ದಾರಿ ಅಂತ ಬರ್ದಿಟ್ಟಿದಾರೆ. ಒಂದೆರಡಾದ್ರೂ ನೋಡ್ಬೇಡ್ವಾ?”

ಭಾವನಿಗೆ ಖುಷಿಯಾಯಿತು. ಮೇಷ್ಟರ ಗಂಟಲು ಸರಿಮಾಡಿಕೊಂಡರು. “ನೋಡು, ನೋಡು. ಯಾವುದು ಬೇಕಾದ್ರೂ ನೋಡು. ವಿಜ್ಞಾನದಲ್ಲಿ ಮೇಲು ಕೀಳು ಅನ್ನೋದಿಲ್ಲ.”

“ಹಂಗಾದ್ರೆ ಅಕ್ಕನ ಪ್ಲಾಂಟ್ ನೋಡ್ಕೊಂಡು ಬರ್ತೀನಿ.”

ನನ್ನಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯಿತು. “ಒಬ್ಬಳು ಹೋಗಿ ಹಾಳಾಗಿದ್ದು ಸಾಲದಾ? ಊಟದ ಹೊತ್ತಲ್ಲಿ ಅದರ ಹೆಸರೆತ್ತಬೇಡಿ. ಅನ್ನ ಗಂಟಲಲ್ಲಿ ಇಳಿಯಲ್ಲ ನನಗೆ.”

“ಇಳಿದಿದ್ದೆಲ್ಲಾ ಆಮೇಲೆ ನನ್ನ ಹತ್ರಾನೇ ಬರೋದಮ್ಮಾ,” ಎಂದಳು ನಡುವಿನವಳು ತನ್ನ ಮೂಲೆಯಿಂದ.

ಗುಬ್ಬಿ ಕಿಸಕ್ಕೆಂದಳು. ನನಗೂ ತಡೆಯಲಾಗಲಿಲ್ಲ. ನನ್ನಕ್ಕ ತಟ್ಟೆ ಸರಿಸಿ ಎದ್ದೇ ಹೋದಳು. ಭಾವ ಮಾತ್ರ, ‘ಮೇಲು ಕೀಳು ಇಲ್ಲ ನಿಜ, ಆದರೆ ಊಟದ ಹೊತ್ತು ಅಂತ ಒಂದಿರುತ್ತೆ’ ಎಂದು ಯಾರಿಗೋ ಪಾಠ ಒಪ್ಪಿಸಿದರು.

ಮರುವಾರ ಗುರುವಾರದ ದಿನ ನಡುವಿನವಳು ಊಟದ ಡಬ್ಬಿ ಮರೆತು ಹೋದಳು. ಕೊಟ್ಟುಬರಲೆಂದು ನಾನು ಹೊರಟೆ, ಗುಬ್ಬಿ ಬೆನ್ನಿಗೆ ಬಿದ್ದಳು. ಗ್ರಂಥಾಲಯಕ್ಕೆ ಹೋಗುತ್ತೇವೆಂದು ನನ್ನಕ್ಕನಿಗೆ ಹೇಳಿ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದೆವು.

ಗೇಟಿನಲ್ಲೇ ನಾತ ಮುಖಕ್ಕೆ ರಾಚಿತು. ಸುಳ್ಳು ಹೇಳುವುದಿಲ್ಲ, ನಾನು ಮೂಗು ಮುಚ್ಚಿಕೊಂಡೆ. ಮೊದಲು ಕಬ್ಬಿಣದ ಜಾಲರಿ. ಅದಕ್ಕೆ ಸಿಕ್ಕಿಬಿದ್ದ ಚಿಂದಿ, ಪ್ಲಾಸ್ಟಿಕ್ಕು, ಒಂಟಿ ಚಪ್ಪಲಿ, ಬಚ್ಚಲಲ್ಲಿ ಮಗು ಆಡುವ ರಬ್ಬರ್ ಬಾತುಕೋಳಿ. ಊರೆಲ್ಲ ತನ್ನದಲ್ಲವೆಂದು ಬಿಟ್ಟದ್ದನ್ನು ಇಬ್ಬರು ಕುಂಟೆ ಹಿಡಿದು ಎಳೆದು ಹಾಕುತ್ತಿದ್ದರು. ಆಮೇಲೆ ಗಾಳಿ ಊದುವ ದೊಡ್ಡ ತೊಟ್ಟಿಗಳು, ಕಂದು ನೀರು ಕೊತಕೊತ ಕುದಿದಂತೆ ಉಕ್ಕುತ್ತಿತ್ತು. ಕೊನೆಯಲ್ಲೊಂದು ಕಾಲುವೆ. ಎಂದಿನ ದಿನ ಅಲ್ಲಿ ತಿಳಿನೀರು ಹರಿಯುತ್ತದಂತೆ. ಅಂದು ಮಬ್ಬಾಗಿತ್ತು.

ಪ್ರಯೋಗಾಲಯ ನನ್ನಕ್ಕನ ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ನಡುವಿನವಳು ಗಮ್‌ಬೂಟು, ಬಿಳಿ ಕೋಟು ಹಾಕಿಕೊಂಡು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಳು. ನಮ್ಮನ್ನು ನೋಡಿ ಬೆಪ್ಪಾದಳು, ಆಮೇಲೆ ಕಣ್ಣು ತುಂಬಿಕೊಂಡಳು. ಕೆಲಸಕ್ಕೆ ಸೇರಿದ ಮೂರು ವರ್ಷದಲ್ಲಿ ಮನೆಯವರು ಯಾರೂ ಅಲ್ಲಿಗೆ ಕಾಲಿಟ್ಟಿರಲಿಲ್ಲ.

“ನೋಡ್ತೀಯಾ ಚಿಕ್ಕಮ್ಮ?” ಎಂದು ಜಾಗ ಬಿಟ್ಟಳು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಇಪ್ಪತ್ತು ವರ್ಷವಾಗಿತ್ತು. ಕಾಲೇಜಿನಲ್ಲಿ ಈರುಳ್ಳಿಯ ಪೊರೆ ನೋಡಿದ್ದೆ, ಆಮೇಲೆ ಬರೀ ಈರುಳ್ಳಿ ಹೆಚ್ಚಿದೆ. ಕೈ ತಾನಾಗಿಯೇ ತಿರುಪಿನ ಮೇಲೆ ಹೋಗಿ ಚಿತ್ರ ಸ್ಪಷ್ಟ ಮಾಡಿಕೊಂಡಿತು. ಸಣ್ಣ ಸಣ್ಣ ದಂಟುಗಳು, ಸುರುಳಿ ಸುತ್ತಿಕೊಂಡು ಬಿದ್ದಿದ್ದವು.

“ಇವು ಕೊಳೆ ತಿಂದು ನೀರು ತಿಳಿ ಮಾಡೋ ಜೀವಿಗಳು. ದಂಟಿನ ತುದೀಲಿ ಗಂಟೆ ಥರ ಮೈ ಇರ್ಬೇಕು. ಈಗ ಬರೀ ದಂಟು ಉಳ್ಕೊಂಡಿದೆ.”

“ಸತ್ತೋದ್ವಾ?” ಎಂದಳು ಗುಬ್ಬಿ.

“ಒಂದೂವರೆ ತಿಂಗಳಿಂದ ಪ್ರತಿ ಗುರುವಾರ ಸಾಯ್ತಿವೆ. ಊರಿನ ಹೊಲಸನ್ನೆಲ್ಲಾ ಅರಗಿಸ್ಕೊಳ್ಳೋ ಪ್ರಾಣಿಗಳು. ಅವಕ್ಕೇ ಇದು ಅರಗ್ತಿಲ್ಲ.” ಅವಳು ಒಂದು ಶೀಶೆಯ ಬಿರಡೆ ತೆಗೆದು ಹಿಡಿದಳು. “ಬೆಳಗ್ಗೆ ಹಿಡಿದ ನೀರು. ಮೂಸಿ ನೋಡಿ.”

ಗುಬ್ಬಿಯೇ ಮೊದಲು ಮೂಸಿದಳು. “ಅನಾನಸ್ಸು! ಅದರಡಿ ಏನೋ ಕೊಳೆತ ಹುಳಿ.” ಮತ್ತೊಮ್ಮೆ ಮೂಸಿ, “ಅಣ್ಣನ ಶರ್ಟಿನ ವಾಸನೆ,” ಎಂದಳು.

ನಡುವಿನವಳು ಬಿರಡೆ ಮುಚ್ಚಿ, ನಡೆದದ್ದು ಹೇಳಿದಳು. ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ನೀರು ಹಿಡಿಯುತ್ತ ಹೋಗಿ ಅವಳು ಕಾರ್ಖಾನೆಯ ಹಿಂಗೋಡೆಯ ತನಕ ತಲುಪಿದ್ದಳು. ವರದಿ ಬರೆದಿಟ್ಟಿದ್ದಳು, ಸಹಿ ಹಾಕಿರಲಿಲ್ಲ. ಹಾಕಿದರೆ ಅಣ್ಣನ ಕೆಲಸಕ್ಕೂ ಕುತ್ತು, ಗುಬ್ಬಿಯ ಓದಿಗೂ ಕುತ್ತು. ಡಬ್ಬಿ ಬಿಚ್ಚಿ ಮೂವರೂ ಹಂಚಿಕೊಂಡು ತಿಂದೆವು. ಆ ನಾತದ ನಡುವೆಯೂ ಅನ್ನ ಸರಾಗವಾಗಿ ಇಳಿಯಿತು.

ಆ ಸಂಜೆಯೇ ಅವಳು ಅಣ್ಣನನ್ನು ಕೇಳಿದಳು. “ಬುಧವಾರ ನಿಮ್ಮ ಕಾರ್ಖಾನೇಲಿ ಚರಂಡಿಗೆ ಏನು ಬಿಡ್ತಾರೆ?”

“ಪೈಪು ತೊಳೆದ ನೀರು.”

“ಪೈಪು ತೊಳೆದ ನೀರು ಅಷ್ಟು ಹುಳಿ ಇರಲ್ಲ.”

“ನಿನ್ನ ಹುಳುಗಳಿಗೆ ನೆಗಡಿಯಾದ್ರೂ ನಾನೇ ಕಾರಣಾನಾ? ಸುಮ್ನೆ ಊಟ ಮಾಡು.”

“ಅವನ ಅನ್ನಕ್ಕೆ ಕಲ್ಲು ಹಾಕಬೇಡ ಕಣೇ,” ಎಂದಳು ನನ್ನಕ್ಕ. “ತಂಗಿ ಓದು ಅವನ ಮೇಲೆ ನಿಂತಿದೆ.”

“ಸಾಕ್ಷಿ ಇಲ್ಲದೆ ತೀರ್ಮಾನಕ್ಕೆ ಬರೋದು ವಿಜ್ಞಾನ ಅಲ್ಲಮ್ಮ,” ಎಂದರು ಭಾವ.

“ಸಾಕ್ಷಿ ಶೀಶೇಲಿದೆ ಅಪ್ಪ. ನಾಳೆ ತರ್ಲಾ?”

“ಮನೇಗಾ? ಅದನ್ನಾ?” ಭಾವನ ಕೈ ಮೂಗಿಗೆ ಹೋಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಮ್ಯಾನೇಜರನ್ನು ಊಟಕ್ಕೆ ಕರೆದರು. ಸಹಿ ಹಾಕಿಸಿಕೊಳ್ಳುವ ಏರ್ಪಾಡು. ಎರಡು ದಿನ ಮೊದಲೇ ನನ್ನ ಬೆನ್ನು ಮುರಿಯುವಷ್ಟು ಕೆಲಸ: ಪರದೆ ಒಗೆ, ಕಿಟಕಿ ಒರೆಸು, ಮರದ ಮೇಲಿನ ಧೂಳು ಹೊಡೆ. ನಡುವಿನವಳಿಗೆ ನನ್ನಕ್ಕ ಬೇರೆಯೇ ಪಾಠ ಹೇಳಿಕೊಟ್ಟಳು. “ನೀನು ಅಡುಗೆಮನೇಲೇ ಇರು. ಕೇಳಿದ್ರೆ ನೀರಿನ ಇಲಾಖೆ ಅನ್ನು. ಎಂಥಾ ನೀರು ಅಂತ ಯಾರೂ ಕೇಳಲ್ಲ.”

ಮ್ಯಾನೇಜರು ಬಂದರು. ಇಸ್ತ್ರಿ ಮುರಿಯದ ಅಂಗಿ, ಮೆತ್ತನೆಯ ಮಾತು. ಮರವನ್ನು ನೋಡಿ ಬಾಯಿತುಂಬ ಹೊಗಳಿದರು, ಭಾವ ಅಲ್ಲೇ ಅರ್ಧ ಕರಗಿದರು. ಗುಬ್ಬಿಯ ಅರ್ಜಿ ಮೇಜಿನ ಮೇಲೆ, ಅದರ ಪಕ್ಕ ಹೊಸ ಪೆನ್ನು.

“ಗುಬ್ಬಿ, ಸಾರ್‌ಗೆ ಕುಡಿಯೋಕೆ ತಾ,” ಎಂದಳು ನನ್ನಕ್ಕ.

ಗುಬ್ಬಿ ತಂದಳು. ಬಂದವರಿಗೆ ಯಾವ ಕಪಾಟಿನಿಂದ ಕೊಡಬೇಕೆಂದು ನಾಲ್ಕು ವರ್ಷದಿಂದ ನಾವೇ ಕಲಿಸಿದ್ದೆವು. ಬಂದವರ ಎದುರಿಗೇ ಮುಚ್ಚಳ ತೆಗೆಯಬೇಕೆಂಬುದೂ ನನ್ನಕ್ಕನದೇ ಶಿಸ್ತು. ಗುಬ್ಬಿ ಬಾಟಲಿಯನ್ನೂ ಗಾಜಿನ ಲೋಟವನ್ನೂ ಮುಂದಿಟ್ಟಳು. ಮ್ಯಾನೇಜರು ಬಾಟಲಿ ಎತ್ತಿಕೊಂಡು, ಮಾತಾಡುತ್ತಲೇ, ಹೆಬ್ಬೆರಳಿನಿಂದ ಮುಚ್ಚಳವನ್ನು ಒರೆಸಿ ನೋಡಿದರು. ಆಮೇಲೆ ಅದನ್ನು ಮೇಜಿನ ದೂರದ ಅಂಚಿಗೆ ಇಟ್ಟರು.

“ನೀರು ಸಾಕಮ್ಮ.”

“ಅಯ್ಯೋ, ನಿಮ್ದೇ ಅಲ್ವಾ ಸಾರ್, ಕುಡೀರಿ.”

“ಗಂಟಲು ಯಾಕೋ ಸರಿಯಿಲ್ಲ.”

ದೊಡ್ಡವನು ಕುರ್ಚಿಯಿಂದ ಧಡಕ್ಕನೆ ಎದ್ದ. “ಚುಕ್ಕೇದು ತಾರೇ! ಮೇಲಿನ ಕಪಾಟಿಂದು!”

ಗುಬ್ಬಿ ಓಡಿಹೋಗಿ ತಂದಳು. ಮ್ಯಾನೇಜರು ಮುಚ್ಚಳ ನೋಡಿದರು, ತಾವೇ ತೆಗೆದರು, ಲೋಟಕ್ಕೂ ಕಾಯದೆ ಗಟಗಟನೆ ಕುಡಿದರು. ಗಂಟಲು ಅಷ್ಟರಲ್ಲಿ ವಾಸಿಯಾಗಿತ್ತು.

ನಡುವಿನವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಮುಂದೆ ಬಂದು ಅಂಚಿನಲ್ಲಿದ್ದ ಬಾಟಲಿ ಎತ್ತಿಕೊಂಡಳು.

“ಇದು ಯಾಕೆ ಬೇಡ ಸಾರ್?”

“ಇವರು…?”

“ನಮ್ಮ ನಡುವಿನ ಮಗಳು. ನೀರಿನ ಇಲಾಖೆ,” ಎಂದಳು ನನ್ನಕ್ಕ ಅವಸರದಲ್ಲಿ.

“ಕೊಳಚೆ ನೀರಿನ ಪ್ಲಾಂಟು ಸಾರ್. ನೀವು ಬುಧವಾರ ಕಳಿಸೋದು ಗುರುವಾರ ನನಗೆ ತಲುಪುತ್ತೆ.”

ಮ್ಯಾನೇಜರು ಊಟಕ್ಕೆ ನಿಲ್ಲಲಿಲ್ಲ. ಪೆನ್ನು ಮುಟ್ಟಲಿಲ್ಲ. ಗೇಟಿನ ಬಳಿ ದೊಡ್ಡವನಿಗೆ, “ನಿಮ್ಮ ಮನೆಯವರನ್ನ ಮೊದಲು ನೋಡ್ಕೋ. ಆಮೇಲೆ ಉಳಿದದ್ದು,” ಎಂದು ಹೇಳಿ ಹೋದರು.

ಮೇಜಿನ ಮೇಲೆ ಆರು ಬಗೆಯ ಅಡುಗೆ ಆರುತ್ತಿತ್ತು. ಮೊದಲು ಬಾಯಿಬಿಟ್ಟವಳು ನಾನು. “ಏನೋ ಅದು ಚುಕ್ಕೆ?”

“ಹೇಳಿದೀನಲ್ಲ ಚಿಕ್ಕಮ್ಮ, ಕ್ವಾಲಿಟಿ…”

“ಸರಿಯಾಗಿ ಹೇಳು.”

ಅವನು ನೆಲ ನೋಡುತ್ತ ಹೇಳಿದ. ತಾರೀಕು ಮುಗಿದ ಬಾಟಲಿಗಳು ಅಂಗಡಿಗಳಿಂದ ವಾಪಸ್ ಬರುತ್ತವೆ. ಹುಳಿ ಬಂದಿರುತ್ತದೆ, ಕೆಲವದರಲ್ಲಿ ಬೂಷ್ಟು ತೇಲುತ್ತಿರುತ್ತದೆ. ಸೋಸಿ, ಕುದಿಸಿ, ಹೊಸ ಪಾಕಕ್ಕೆ ಬೆರೆಸುತ್ತಾರೆ. ಬೆರೆಸದೆ ಮಾಡಿದ್ದಕ್ಕೆ ಲ್ಯಾಬಿನವರು ಹಸಿರು ಚುಕ್ಕೆ ಇಟ್ಟು ತಮ್ಮ ತಮ್ಮ ಮನೆಗೆ ಒಯ್ಯುತ್ತಾರೆ.

“ನಿನ್ನ ಕೆಲಸ ಏನು ಅದರಲ್ಲಿ?” ಎಂದಳು ಗುಬ್ಬಿ.

“ಕೆಟ್ಟ ವಾಸನೆ ಗೊತ್ತಾಗದ ಹಾಗೆ ಮಾಡೋದು. ನನ್ನ ಕೈಲೂ ಮುಚ್ಚೋಕಾಗದಷ್ಟು ಕೆಟ್ಟಿದ್ರೆ ಬುಧವಾರ ಚರಂಡಿಗೆ. ಈ ಸಲ ವಾಪಸ್ ಬಂದಿದ್ದು ಜಾಸ್ತಿ.”

“ಪಕ್ಕದ ಮನೆ ಮಕ್ಕಳಿಗೆ ನಾಲ್ಕು ವರ್ಷದಿಂದ ಕೊಡ್ತಾ ಇದೀನಲ್ಲೋ!”

“ಯಾರಿಗೇನಾಗಿದೆ ಚಿಕ್ಕಮ್ಮ? ಕುದಿಸಿರ್ತಾರೆ. ಕುದಿಸಿದ್ರೆ ಏನೂ ಆಗಲ್ಲ.”

ನಡುವಿನವಳು ಆ ಬಾಟಲಿಯ ಮುಚ್ಚಳ ತೆಗೆದು, ಕೈಗೆ ಸಿಕ್ಕ ತನ್ನ ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟಳು. “ಹಂಗಾದ್ರೆ ಕುಡಿ.”

ಅವನು ಲೋಟದ ಕೆಂಪು ಬುಡ ನೋಡಿ ಮುಖ ಸಿಂಡರಿಸಿದ. “ನಿನ್ನ ಲೋಟದಲ್ಲಿ ನಾನು ಕುಡಿಯಲ್ಲ.”

“ಅದರಲ್ಲಿ ಬೇಡ, ಅದರಲ್ಲಿ ಬೇಡ,” ಎನ್ನುತ್ತ ನನ್ನಕ್ಕ ಓಡಿಹೋಗಿ ಶುಭ್ರವಾದ ಗಾಜಿನ ಲೋಟ ತಂದು, ತನ್ನ ಕೈಯಾರೆ ಬಾಟಲಿಯಿಂದ ತುಂಬಿ ಮಗನ ಮುಂದಿಟ್ಟಳು. ಪಾಪ, ಮಗನಿಗೆ ಸಹಾಯ ಮಾಡುತ್ತಿದ್ದೇನೆಂದೇ ಅವಳು ತಿಳಿದಿದ್ದಳು. ಅವನು ಅದನ್ನೂ ಮುಟ್ಟಲಿಲ್ಲ. ಎರಡು ಲೋಟಗಳೂ ಅವನ ಮುಂದೆ ಘಮಘಮಿಸುತ್ತಿದ್ದವು. ಆ ಮೇಜಿನ ಸುತ್ತ ಕೂತವರ ಮೇಲೆ, ಕೇಳದೆ ಕೊಟ್ಟ ನನ್ನ ಎರಡು ಕೈಗಳ ಮೇಲೆ, ನನಗೆ ಹುಟ್ಟಿದ ಹೇಸಿಗೆ ಯಾವ ಜಾಲರಿಗೂ ಸಿಕ್ಕುವಂಥದ್ದಲ್ಲ.

ಭಾವ ಎದ್ದು ಮರದ ಎದುರು ನಿಂತರು. ಈಗ ಗುಡುಗುತ್ತಾರೆ ಎಂದುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಸತ್ಯ ಎಂದು ಪಾಠ ಹೇಳಿದ ಬಾಯಿ.

“ಆಗಿದ್ದು ಆಯ್ತು,” ಎಂದರು. “ಮೊದಲು ಗುಬ್ಬಿ ಸೀಟು ಉಳೀಲಿ. ನಾಳೆ ನಾನೇ ಹೋಗಿ ಅವರ ಹತ್ರ ಮಾತಾಡ್ತೀನಿ. ಮಗಳೇ, ಆ ವರದಿಗೆ ಸಹಿ ಮಾತ್ರ ತಡೆಹಿಡಿ. ಅವಳು ಸೇರೋ ತನಕ. ಎರಡೇ ವಾರ.”

“ಎರಡು ಬುಧವಾರ ಅಪ್ಪ,” ಎಂದಳು ಗುಬ್ಬಿ. ಅರ್ಜಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು. “ನನ್ನ ಹೆಸರು ಹೇಳಿ ಯಾರೂ ಏನೂ ತಡೀಬೇಡಿ. ಅಕ್ಕಾ, ನೀನು ಸಹಿ ಹಾಕು.”

“ಬಾಯಿ ಮುಚ್ಚೇ!” ಎಂದು ನನ್ನಕ್ಕ ಕೈ ಎತ್ತಿದಳು. ನಡುವಿನವಳು ಅಡ್ಡ ಬಂದಳು. ಎತ್ತಿದ ಕೈ ಹಾಗೇ ನಿಂತಿತು; ಅವಳನ್ನು ಮುಟ್ಟಬೇಕಾಗುತ್ತದಲ್ಲ.

ಅಂದು ಆ ಆರು ಬಗೆಯನ್ನು ಯಾರೂ ತಿನ್ನಲಿಲ್ಲ.

ಸೋಮವಾರ ಬೆಳಗ್ಗೆ ನಾನು ಅಡುಗೆಮನೆಗೆ ಬಂದಾಗ ನನ್ನಕ್ಕ ಕೆಳಗಿನ ಕಪಾಟನ್ನು ಖಾಲಿ ಮಾಡುತ್ತಿದ್ದಳು. ಹತ್ತೊಂಬತ್ತು ಬಾಟಲಿಗಳನ್ನು ಎರಡು ಚೀಲಕ್ಕೆ ತುಂಬಿದ್ದಳು. ಕೊನೆಗೂ ಬುದ್ಧಿ ಬಂತೆಂದು ನನಗೆ ಸಮಾಧಾನವಾಯಿತು.

“ಬಿಸಾಕ್ತೀಯಾ ಅಕ್ಕ?”

“ಬಿಸಾಕೋದ್ಯಾಕೆ? ಬೀದಿ ಕೊನೇಲಿ ಮನೆ ಕಟ್ತಿದಾರಲ್ಲ, ಆ ಕೂಲಿಯೋರಿಗೆ ಕೊಡ್ತೀನಿ. ಅವರಿಗೆ ಎಲ್ಲಾ ಅರಗುತ್ತೆ.”

ಹದಿನೆಂಟು ವರ್ಷದಲ್ಲಿ ನಾನು ನನ್ನಕ್ಕನ ಕೈಯಿಂದ ಏನನ್ನೂ ಕಿತ್ತುಕೊಂಡವಳಲ್ಲ. ಅಂದು ಎರಡೂ ಚೀಲ ಕಿತ್ತುಕೊಂಡೆ. “ನಾಚಿಕೆ ಆಗಲ್ವಾ ನಿನಗೆ?” ಎಂದೆ. ಅವಳಿಗೆ ನಾಚಿಕೆಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಒಲೆಗೆ ಮಾತು ಬಂದರೆ ಹೇಗೆ ನೋಡಬಹುದೋ ಹಾಗೆ ನನ್ನನ್ನು ನೋಡಿದಳು.

ನಾನು ಮೊದಲ ಬಾಟಲಿಯ ಮುಚ್ಚಳ ತೆಗೆದು ತೊಟ್ಟಿಯ ಮೇಲೆ ಬಗ್ಗಿಸುವಷ್ಟರಲ್ಲಿ ನಡುವಿನವಳು ಓಡಿಬಂದು ಕೈ ಹಿಡಿದಳು. “ಚರಂಡಿಗೆ ಬೇಡ ಚಿಕ್ಕಮ್ಮ! ನನ್ನವು ಈಗಷ್ಟೇ ಚೇತರಿಸ್ಕೊಳ್ತಿವೆ.”

ಕುಡಿಯುವಂತಿಲ್ಲ, ಕೊಡುವಂತಿಲ್ಲ, ಚೆಲ್ಲುವಂತಿಲ್ಲ. ಕೊನೆಗೆ ಹೊತ್ತುಕೊಂಡು ಹೋಗುವುದೆಂದಾಯಿತು. ಚುಕ್ಕೆಯವು ನಾಲ್ಕು, ಚುಕ್ಕೆಯಿಲ್ಲದವು ಎಲ್ಲ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ ಸಂಖ್ಯೆ, ತಾರೀಕು, ಎಲ್ಲಿಂದ ಬಂತೆಂಬುದನ್ನು ಬರೆದವಳು ನಾನು. ಒಣಗಿಸಿದ ಎಲೆಗಳ ಪುಸ್ತಕಕ್ಕೆ ಕಾಲೇಜಿನಲ್ಲಿ ಬರೆಯುತ್ತಿದ್ದ ಅದೇ ಗುಂಡನೆಯ ಅಕ್ಷರ. ಎಲ್ಲಿಂದ ಎಂಬ ಕಡೆ ‘ನಮ್ಮ ಮನೆ’ ಎಂದು ಬರೆದೆ. ಮೂವರೂ ಚೀಲ ಹಿಡಿದು ಬಸ್ಸು ಹತ್ತಿದೆವು. ಹತ್ತುವ ಮೊದಲೇ ಪಕ್ಕದ ಮನೆಯ ಬಾಗಿಲು ತಟ್ಟಿ, ಆ ಮಕ್ಕಳ ತಾಯಿಗೆ ಇರುವುದನ್ನು ಇರುವಂತೆ ಹೇಳಿದೆ. ಅವಳು ನನ್ನ ಮುಖಕ್ಕೆ ಬಾಗಿಲು ಹಾಕಿದಳು, ಹಾಕಬೇಕಾದ್ದೇ.

ಪ್ರಯೋಗಾಲಯದ ಮೇಜಿನ ಒಂದು ಬದಿ ನಡುವಿನವಳು ವರದಿಗೆ ಸಹಿ ಹಾಕಿದಳು. ಇನ್ನೊಂದು ಬದಿ ಗುಬ್ಬಿ ಅರ್ಜಿ ತುಂಬಿದಳು. ಊರಿನದೇ ಕಾಲೇಜು, ಸೂಕ್ಷ್ಮಜೀವಿಶಾಸ್ತ್ರ. ಹಾಸ್ಟೆಲ್ಲಿಲ್ಲ, ಕೆಲಸದ ಭರವಸೆ ಇಲ್ಲ. ಶುಲ್ಕ ನಡುವಿನವಳ ಸಂಬಳದಲ್ಲಿ ಆಗುತ್ತದೆ ಎಂದು ಅವರಿಬ್ಬರೇ ಮಾತಾಡಿಕೊಂಡಿದ್ದರು.

ಆಮೇಲೆ ಕಾರ್ಖಾನೆಗೆ ತಪಾಸಣೆಯವರು ಹೋದರು, ಹಿಂಗೋಡೆಯ ಪೈಪಿಗೆ ಬಿರಡೆ ಬಿತ್ತು, ಬಾಗಿಲಿಗೆ ಬೀಗವೂ ಬಿತ್ತು. ದೊಡ್ಡವನು ಹದಿನೈದು ದಿನ ಮನೆಯಲ್ಲಿ ಕೂತ. ಹದಿನಾರನೆಯ ದಿನ ಒಂದು ಸೋಪಿನ ಕಾರ್ಖಾನೆ ಅವನನ್ನು ಹೆಚ್ಚಿನ ಸಂಬಳಕ್ಕೆ ಕರೆಯಿತು. ಅವನಂಥ ಮೂಗು ಸಿಗುವುದು ಕಷ್ಟವಂತೆ. ಭಾವ ಬಣ್ಣದ ಡಬ್ಬಿ ತೆಗೆದು ಇನ್ನೊಂದು ಎಲೆಗೆ ಕೆಂಪು ತುಂಬಿದರು. “ನೋಡಿ, ನಾನು ಹೇಳಿರಲಿಲ್ವಾ? ವಿಜ್ಞಾನ ಓದಿದವರಿಗೆ ದಾರಿ ಒಂದಾ ಎರಡಾ!” ಎಂದರು. ಆ ಮನುಷ್ಯನಿಗೆ ಅನ್ನ ಬಡಿಸುವ ಸೌಟು ನನ್ನ ಕೈಯಲ್ಲೇ ಇತ್ತು, ಏನು ಹೇಳಲಿ.

ಅದೆಲ್ಲ ಆಮೇಲಿನ ಮಾತು. ಆ ಸೋಮವಾರದ ಸಂಜೆ ನಾವು ಮೂವರೂ ಹಿತ್ತಲ ಕಡೆಯಿಂದಲೇ ಬಂದೆವು. ಬಾಗಿಲಲ್ಲಿ ನೀಲಿ ಬಕೆಟ್ಟಿನ ಪಕ್ಕ ಇನ್ನೊಂದು ಹೊಸ ಬಕೆಟ್ಟಿತ್ತು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನನ್ನಕ್ಕ ಹೊಸ್ತಿಲ ಆಚೆ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದಳು.

“ಗುಬ್ಬಿ, ಅದು ನಿಂದು,” ಎಂದಳು. ನನ್ನ ಕಡೆ ತಿರುಗಿ, “ನೀನು ಮುಂದಿನ ಬಾಗಿಲಿಂದ ಬಾ. ಅಡುಗೆಗೆ ಹೊತ್ತಾಯ್ತು,” ಎಂದಳು.

ನಾನು ಬಚ್ಚಲಿಗೆ ಹೋಗಿ, ಮುಂದಿನ ಕೋಣೆಯ ನೆಲ ಒರೆಸುವ ಬಕೆಟ್ಟನ್ನು ತಂದು ಆ ಎರಡರ ಪಕ್ಕ ಇಟ್ಟೆ.

“ಇದು ನಂದು ಅಕ್ಕ. ಇವತ್ತು ಅಡುಗೆ ನೀನೇ ಮಾಡು,” ಎಂದು ಹೇಳಿ ನೀರು ಬಿಟ್ಟೆ.